ಮೊಬೈಲ್ ಬೇಗ ಕೊಟ್ಟರೆ ಮಗು ಬೇಗ ಕಲಿಯುತ್ತದೆಯೆ? ಹುಟ್ಟಿನಿಂದ ಹತ್ತು ವರ್ಷದವರೆಗೆ ಮನೆಯಲ್ಲಿ ಮಾಡಬೇಕಾದ್ದು

ಎರಡು ವರ್ಷದ ಮಗು ಬೆರಳಲ್ಲಿ ತಳ್ಳಿ ತಳ್ಳಿ ತನಗೆ ಬೇಕಾದ ವಿಡಿಯೊ ಹುಡುಕಿಕೊಂಡರೆ ಮನೆಯವರಿಗೆಲ್ಲ ಹೆಮ್ಮೆ. ಆದರೆ ಆ ಜಾಣ್ಮೆ ಬಹುಪಾಲು ಆ್ಯಪ್ ಮಾಡಿದವರದು. ಅಕ್ಷರ ಬಾರದವರೂ ಬಳಸುವಷ್ಟು ಸುಲಭವಾಗಿರಲಿ ಎಂದೇ ಅದನ್ನು ರೂಪಿಸಿರುತ್ತಾರೆ. ಏಳನೇ ವರ್ಷದಲ್ಲಿ ಮೊದಲ ಸಲ ಮೊಬೈಲ್ ಮುಟ್ಟಿದ ಮಗುವೂ ನಾಲ್ಕಾರು ದಿನಗಳಲ್ಲಿ ಅಷ್ಟನ್ನು ಕಲಿತುಬಿಡುತ್ತದೆ. ಮಾತು, ಮುಖ ಓದುವುದು, ಸರದಿ ಕಾಯುವುದು, ಹಸಿವು ತಿಳಿಯುವುದು ಹಾಗಲ್ಲ. ಇವು ಮೊದಲ ಮೂರು ವರ್ಷಗಳಲ್ಲಿ ಬೇರು ಬಿಡಬೇಕು, ಆ ಹೊತ್ತನ್ನು ಸ್ಕ್ರೀನ್ ತಿಂದರೆ ಆಮೇಲೆ ತುಂಬಿಕೊಳ್ಳುವುದು ಕಷ್ಟ.

ಹಾಗೆಂದು ಸ್ಕ್ರೀನ್‌ನಿಂದ ಏನೂ ಲಾಭವಿಲ್ಲ ಎನ್ನುವುದೂ ಸರಿಯಲ್ಲ. ಲಾಭವಿದೆ, ಆದರೆ ಅದು ಎಷ್ಟು ಬೇಗ ಕೊಟ್ಟಿರಿ ಎಂಬುದರ ಮೇಲೆ ನಿಂತಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೆ, ಮಗು ಅದರಲ್ಲಿ ಏನು ಮಾಡುತ್ತಿದೆ ಎಂಬುದರ ಮೇಲೆ ನಿಂತಿದೆ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ಎರಡು ವರ್ಷದೊಳಗೆ: ವಿಡಿಯೊ ಕಾಲ್ ಒಂದೇ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, ಒಂದು ವರ್ಷದ ಮಕ್ಕಳನ್ನೂ ಅದರ ಮುಂದೆ ಕೂರಿಸಬಾರದು. 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಶಿಶುವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಎರಡು ವರ್ಷದವರೆಗೆ ನೆಂಟರೊಂದಿಗೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕಾಲ್ ಬಿಟ್ಟು ಬೇರೇನೂ ಬೇಡ, ಐದರವರೆಗೆ ಒಂದು ಗಂಟೆ ಮೀರಬಾರದು, 5ರಿಂದ 10 ವರ್ಷದವರಿಗೆ ಎರಡು ಗಂಟೆಯೊಳಗೆ ಇರಲಿ.

ವಿಡಿಯೊ ಕಾಲ್‌ಗೆ ಮಾತ್ರ ಯಾಕೆ ವಿನಾಯಿತಿ? 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಕೂಸುಗಳ ಭಾಷಾಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ 9 ತಿಂಗಳ ಕೂಸುಗಳಿಗೆ 12 ಬಾರಿ ಚೀನಾದ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕೂತು ಆಡುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದ ಹಿಡಿದವು. ಅಂಥದೇ ಮಾತನ್ನು ವಿಡಿಯೊದಲ್ಲಿ ನೋಡಿದವು ಏನನ್ನೂ ಹಿಡಿಯಲಿಲ್ಲ. ವಿಡಿಯೊ ಮಗುವಿಗೆ ಕಾಯುವುದಿಲ್ಲ, ಅದು ‘ಊಂ’ ಎಂದರೆ ಮರಳಿ ‘ಊಂ’ ಎನ್ನುವುದಿಲ್ಲ. ಅಜ್ಜಿ ಎನ್ನುತ್ತಾಳೆ, ಫೋನಿನಲ್ಲಿದ್ದರೂ ಎನ್ನುತ್ತಾಳೆ.

ಊರಿನಲ್ಲಿರುವ ಅಜ್ಜ-ಅಜ್ಜಿಯ ಜೊತೆ, ಅಥವಾ ಮಕ್ಕಳು ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇದ್ದು ಇಲ್ಲಿಯವರ ಜೊತೆ ಮಾತಾಡುವಾಗ ಕಾಲ್ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಫೋನ್ ಕೈಯಲ್ಲಿ ಅಲ್ಲಾಡುತ್ತಿರುತ್ತದೆ, ದೊಡ್ಡವರು ‘ಹಾಯ್ ಹೇಳು, ಮುತ್ತು ಕೊಡು’ ಎಂದು ಒತ್ತಾಯಿಸುತ್ತಿರುತ್ತಾರೆ. ಫೋನನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಸ್ಟೀಲ್ ಡಬ್ಬಿಗೆ ಒರಗಿಸಿ ಇಡಿ. ಕಿಟಕಿಯ ಬೆಳಕು ಮಗುವಿನ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. ಮಗುವಿನ ಹೊಟ್ಟೆ ತುಂಬಿರುವ, ನಿದ್ದೆ ಮುಗಿದ ಹೊತ್ತು ನೋಡಿ 5ರಿಂದ 10 ನಿಮಿಷ ಸಾಕು. ಎರಡೂ ಕಡೆ ಒಂದೇ ಬಗೆಯ ವಸ್ತುವಿರಲಿ, ಒಂದು ಲೋಟ, ಒಂದು ಚಮಚ. ಅಜ್ಜಿ ಚಮಚ ಬಡಿದರೆ ಮಗುವೂ ಬಡಿಯಲಿ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿ ‘ಗುಬ್ಬಿ ಎಲ್ಲಿ?’ ಎಂದು ಕೇಳಿ, ಸುಮ್ಮನಿದ್ದು, ಮಗು ನಕ್ಕ ಮೇಲೆ ತೆರೆಯಲಿ. ಆ ಸುಮ್ಮನಿರುವ ಕ್ಷಣದಲ್ಲೇ ಕಲಿಕೆ ಇರುವುದು.

ಇನ್ನೊಂದು ವಿಷಯವನ್ನು ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಯಾರೂ ನೋಡದಿದ್ದರೂ ಉರಿಯುತ್ತಿರುವ ಟಿ.ವಿ. ಅದು ಓಡುತ್ತಿರುವಾಗ ದೊಡ್ಡವರು ಮಗುವಿನ ಜೊತೆ ಆಡುವ ಮಾತು ಕಡಿಮೆಯಾಗುತ್ತದೆ, ಮಗುವಿನ ಆಟ ಮತ್ತೆ ಮತ್ತೆ ತುಂಡಾಗುತ್ತದೆ. ಧಾರಾವಾಹಿ ನೋಡುವವರು ನೋಡಲಿ, ಮುಗಿದ ಕೂಡಲೇ ಆರಿಸಲಿ.

ಊಟದ ಹೊತ್ತಿನ ಮೊಬೈಲ್ ಬಿಡಿಸುವುದು

ಕರ್ನಾಟಕದ ಮನೆಗಳಲ್ಲಿ ಮೊಬೈಲ್ ಮಗುವಿನ ಕಣ್ಣಿಗೆ ಮೊದಲು ಬೀಳುವುದು ಸಾಮಾನ್ಯವಾಗಿ ತುತ್ತಿನ ಜೊತೆಗೆ. ‘ನಾವು ಚಂದಮಾಮನ್ನ ತೋರಿಸಿ ಉಣಿಸುತ್ತಿರಲಿಲ್ಲವೆ, ಈಗ ಫೋನು’ ಎಂದು ಹಿರಿಯರು ಹೇಳುವುದುಂಟು. ವ್ಯತ್ಯಾಸ ದೊಡ್ಡದು. ಚಂದಮಾಮ ಸುಮ್ಮನಿರುತ್ತಾನೆ, ಮಾತಾಡುವವಳು ಉಣಿಸುವವಳು. ಮಗು ಬಾಯಿ ತೆರೆಯುವುದು ಅವಳ ಮಾತಿಗೆ. ಫೋನ್ ನೋಡುವಾಗ ಮಗುವಿಗೆ ಬಾಯಲ್ಲಿ ಏನಿದೆ ಎಂಬ ಗಮನವೇ ಇರುವುದಿಲ್ಲ. ಅಗಿಯದೆ ನುಂಗುತ್ತದೆ, ಇಲ್ಲವೇ ಕೆನ್ನೆಯಲ್ಲಿ ಅನ್ನ ಇಟ್ಟುಕೊಂಡೇ ಕೂರುತ್ತದೆ. ಹಸಿವು ಎಲ್ಲಿ ಶುರು, ಹೊಟ್ಟೆ ಎಲ್ಲಿ ತುಂಬಿತು ಎಂಬುದು ಅದಕ್ಕೆ ತಿಳಿಯದೇ ಹೋಗುತ್ತದೆ.

ಬಿಡಿಸುವ ಕ್ರಮ ಹೀಗೆ. ಮಗುವಿನ ತೂಕ ಕಡಿಮೆಯಿದ್ದರೆ, ಕಾಯಿಲೆಯಿದ್ದರೆ ಮೊದಲು ಮಕ್ಕಳ ವೈದ್ಯರನ್ನು ಕೇಳಿಯೇ ಶುರುಮಾಡಿ.

1. ಮನೆಯಲ್ಲಿ ಉಣಿಸುವವರೆಲ್ಲ, ಅಮ್ಮ, ಅಪ್ಪ, ಅಜ್ಜಿ, ನೋಡಿಕೊಳ್ಳುವ ಆಯಾ, ಒಂದೇ ದಿನದಿಂದ ಒಪ್ಪಿಕೊಳ್ಳಬೇಕು. ಒಬ್ಬರು ಬಿಡಿಸಿ ಇನ್ನೊಬ್ಬರು ಕೊಟ್ಟರೆ ಏನೂ ಆಗುವುದಿಲ್ಲ.
2. ಮೂರೂ ಹೊತ್ತು ಒಟ್ಟಿಗೆ ಬಿಡಿಸಬೇಡಿ. ಮಗುವಿಗೆ ಹೆಚ್ಚು ಹಸಿಯುವ ಒಂದು ಹೊತ್ತನ್ನು ಆರಿಸಿ. ಅದು ಗಟ್ಟಿಯಾದ ಮೇಲೆ, ನಾಲ್ಕೈದು ದಿನ ಬಿಟ್ಟು, ಮುಂದಿನದು.
3. ಊಟಕ್ಕೆ ಎರಡೂವರೆ-ಮೂರು ಗಂಟೆ ಮೊದಲಿಂದ ಹಾಲು, ಬಿಸ್ಕತ್ತು, ಜ್ಯೂಸ್ ನಿಲ್ಲಿಸಿ. ‘ಊಟ ಮಾಡೋದೇ ಇಲ್ಲ’ ಎನ್ನುವ ಎಷ್ಟೋ ಮಕ್ಕಳ ಹೊಟ್ಟೆಯಲ್ಲಿ ಆಗಲೇ ಒಂದು ಲೋಟ ಹಾಲು ಇರುತ್ತದೆ.
4. ಮನೆಯವರ ಜೊತೆ ನೆಲದ ಮೇಲೆ ಕೂರಿಸಿ, ಅದರದೇ ತಟ್ಟೆ ಕೊಡಿ. ಎಲ್ಲರ ಫೋನೂ ಬೇರೆ ಕೋಣೆಯಲ್ಲಿರಲಿ. ಎರಡು ಚಮಚದಷ್ಟು ಮಾತ್ರ ಬಡಿಸಿ, ಮತ್ತೆ ಕೇಳಿದರೆ ಹಾಕಿ. ಇಡ್ಲಿ ತುಂಡು, ಮೆತ್ತಗೆ ಬೆಂದ ಕ್ಯಾರೆಟ್, ಸಾರಿನಲ್ಲಿ ನೆನೆಸಿದ ಚಪಾತಿ, ಮೊಸರನ್ನ, ಇವನ್ನು ಒಂದು ವರ್ಷ ದಾಟಿದ ಮಗು ತಾನೇ ಎತ್ತಿಕೊಳ್ಳಬಲ್ಲದು. ಚೆಲ್ಲುತ್ತದೆ, ಕೆಳಗೆ ಹಳೇ ಬಟ್ಟೆ ಹಾಸಿಡಿ.
5. 20ರಿಂದ 30 ನಿಮಿಷಕ್ಕೆ ಊಟ ಮುಗಿಯಿತು. ತಿನ್ನದಿದ್ದರೆ ಬೈಯದೆ ತಟ್ಟೆ ಎತ್ತಿ. ಮುಂದಿನ ಊಟ-ತಿಂಡಿಯ ಹೊತ್ತಿನವರೆಗೆ ನೀರು ಮಾತ್ರ.

ಎರಡನೇ, ಮೂರನೇ ದಿನ ರಚ್ಚೆ ಜೋರಾಗುತ್ತದೆ, ಹಲವರು ಸೋಲುವುದು ಇಲ್ಲೇ. ಇಪ್ಪತ್ತು ನಿಮಿಷ ಅತ್ತ ಮೇಲೆ ಫೋನ್ ಕೊಟ್ಟರೆ ‘ಇಪ್ಪತ್ತು ನಿಮಿಷ ಅತ್ತರೆ ಸಿಗುತ್ತದೆ’ ಎಂಬ ಪಾಠ ಮಗುವಿಗೆ ಸಿಕ್ಕಂತಾಯಿತು. ಮುಂದಿನ ಸಲ ಅದು ಹತ್ತು ನಿಮಿಷಕ್ಕೆ ಬಿಡುವುದಿಲ್ಲ. ಕೊಡುವುದೇ ಆಗಿದ್ದರೆ ಮೊದಲ ನಿಮಿಷದಲ್ಲೇ ಕೊಡಬೇಕಿತ್ತು. ಹಾಗಾಗಿ ನೆಂಟರು ಬರುವ, ಹಬ್ಬವಿರುವ, ಮಗುವಿಗೆ ಜ್ವರವಿರುವ ವಾರದಲ್ಲಿ ಶುರುಮಾಡಬೇಡಿ. ಒಂದೆರಡು ವಾರ ತಾಳ್ಮೆ ಬೇಕು.

ಅಳು ನಿಲ್ಲಿಸಲೆಂದೇ ಫೋನ್ ಕೊಡುವುದರ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ 3ರಿಂದ 5 ವರ್ಷದ ಮಕ್ಕಳಿರುವ 422 ಪೋಷಕರನ್ನು ಒಳಗೊಂಡು 2022ರ ಕೊನೆಗೆ ಪ್ರಕಟವಾದ ಅಧ್ಯಯನದಲ್ಲಿ, ಸಮಾಧಾನಕ್ಕೆ ಪದೇ ಪದೇ ಫೋನ್ ಕೊಡುವುದಕ್ಕೂ ಮುಂದಿನ ತಿಂಗಳುಗಳಲ್ಲಿ ಮಗುವಿನ ಸಿಟ್ಟು-ಸಿಡುಕು ಹೆಚ್ಚುವುದಕ್ಕೂ ನಂಟು ಕಂಡಿತು, ಗಂಡುಮಕ್ಕಳಲ್ಲಿ ಹೆಚ್ಚಾಗಿ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಒಮ್ಮೊಮ್ಮೆ ಕೊಟ್ಟರೆ ಆಕಾಶ ಬೀಳುವುದಿಲ್ಲ. ದಿನವೂ ಅದೇ ಮದ್ದಾಗಬಾರದು.

ಫೋನನ್ನು ಮೊದಲು ಸಿದ್ಧಮಾಡಿ

ಎರಡು ದಾಟಿದ ಮಗುವಿಗೆ ತೋರಿಸುವುದಾದರೆ ನಿಮ್ಮ ದಿನಬಳಕೆಯ ಫೋನಿಗಿಂತ ಮನೆಯ ಟಿ.ವಿ.ಯೇ ಮೇಲು. ದೂರವಿರುತ್ತದೆ, ಎಲ್ಲರೂ ಒಟ್ಟಿಗೆ ನೋಡಬಹುದು, ಮಗು ಎತ್ತಿಕೊಂಡು ಮೂಲೆ ಸೇರಲಾರದು. ಫೋನೇ ಆಗಬೇಕಾದರೆ ಸಿಮ್ ತೆಗೆದ ಹಳೆಯದೊಂದನ್ನು ಫ್ಯಾಕ್ಟರಿ ರಿಸೆಟ್ ಮಾಡಿ ಬೇರೆಯಾಗಿ ಇಡಿ. ಅದರ ಬೆನ್ನು ಉಬ್ಬಿದ್ದರೆ, ಮೇಜಿನ ಮೇಲಿಟ್ಟಾಗ ಅಲ್ಲಾಡಿದರೆ ಬ್ಯಾಟರಿ ಊದಿದೆ ಎಂದರ್ಥ, ಅದನ್ನು ಮಗುವಿಗೆ ಕೊಡಬೇಡಿ. ಚಾರ್ಜಿಗೆ ಹಾಕಿದ ಫೋನನ್ನೂ ಕೊಡಬೇಡಿ.

ಎಲ್ಲಕ್ಕಿಂತ ಸರಳ ಉಪಾಯ ಇಂಟರ್ನೆಟ್ ಇಲ್ಲದ ಫೋನ್. ನೀವೇ ನೋಡಿ ಆರಿಸಿದ ಐದಾರು ಕಥೆ-ಹಾಡುಗಳನ್ನು ಡೌನ್‌ಲೋಡ್ ಮಾಡಿಟ್ಟು, ಏರೋಪ್ಲೇನ್ ಮೋಡ್ ಹಾಕಿ. ಜಾಹೀರಾತು ಬರುವುದಿಲ್ಲ, ‘ಮುಂದಿನ ವಿಡಿಯೊ’ ಬರುವುದಿಲ್ಲ, ಮುಗಿದರೆ ಮುಗಿಯಿತು. ಮತ್ತೆ ಮತ್ತೆ ಅದನ್ನೇ ನೋಡಿದರೆ ಬೇಸರವಾಗುತ್ತದೆಂದು ಚಿಂತೆ ಬೇಡ. ಈ ವಯಸ್ಸಿನಲ್ಲಿ ಒಂದನ್ನೇ ಹತ್ತು ಸಲ ನೋಡಿದರೆ ಹತ್ತು ಹೊಸದನ್ನು ನೋಡಿದ್ದಕ್ಕಿಂತ ಹೆಚ್ಚು ತಲೆಗೆ ಹತ್ತುತ್ತದೆ.

ಇಂಟರ್ನೆಟ್ ಬೇಕೇಬೇಕು ಎಂದರೆ ಇಷ್ಟು ಮಾಡಿ:

1. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ ಆನ್ ಮಾಡಿ. ಪಿನ್ ಹಾಕಿ, ವಯಸ್ಸಿನ ಮಿತಿ ಆರಿಸಿ. ಆಗಲೇ ಫೋನಿನಲ್ಲಿರುವ ಆ್ಯಪ್‌ಗಳನ್ನು ಇದು ತಡೆಯುವುದಿಲ್ಲ, ಅವನ್ನು ಕೈಯಾರೆ ತೆಗೆಯಬೇಕು.
2. ಅಲ್ಲೇ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ. ಯುಪಿಐ, ಬ್ಯಾಂಕ್ ಆ್ಯಪ್ ಇರುವ ಫೋನನ್ನು ಲಾಕ್ ತೆಗೆದು ಮಗುವಿಗೆ ಕೊಡಬೇಡಿ.
3. ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿ, ಪ್ರೊಫೈಲ್ ಮಾಡುವಾಗ ನೀವು ಒಪ್ಪಿದ ವಿಡಿಯೊ ಮಾತ್ರ ಕಾಣುವ ಆಯ್ಕೆ ಕೊಡಿ. ಆಗ ಹುಡುಕುವ ಸೌಲಭ್ಯ ತಾನೇ ನಿಲ್ಲುತ್ತದೆ. ಒಂದು ಮುಗಿದ ಕೂಡಲೇ ಇನ್ನೊಂದನ್ನು ತಾನೇ ಓಡಿಸುವ ಆಟೊಪ್ಲೇ ಆಫ್ ಮಾಡಿ. ಬರೀ ‘ಕಿಡ್ಸ್’ ಎಂಬ ಹೆಸರು ನಂಬಿ ಬಿಟ್ಟರೆ ಆಟಿಕೆ ಡಬ್ಬ ಬಿಚ್ಚುವ ವಿಡಿಯೊಗಳಲ್ಲೇ ಗಂಟೆ ಕಳೆಯುತ್ತದೆ.
4. ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹಾರದಂತೆ ಬೀಗ ಹಾಕಿ. ಆ್ಯಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಪಿನ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಆ್ಯಪ್ ಪಿನ್ನಿಂಗ್ ಸಿಗುತ್ತದೆ. ಬಿಚ್ಚುವಾಗ ಪಿನ್ ಕೇಳುವ ಆಯ್ಕೆಯನ್ನೂ ಹಾಕಿ. ಐಫೋನ್‌ನಲ್ಲಿ ಆ್ಯಕ್ಸೆಸಿಬಿಲಿಟಿಯೊಳಗೆ ಗೈಡೆಡ್ ಆ್ಯಕ್ಸೆಸ್ ಇದೆ, ಪಕ್ಕದ ಬಟನ್ ಮೂರು ಸಲ ಒತ್ತಿದರೆ ಶುರು.

ಈ ಬೀಗಗಳೆಲ್ಲ ನೀವು ಪಕ್ಕದಲ್ಲಿಲ್ಲದ ಐದು ನಿಮಿಷಕ್ಕೆ. ನಿಮ್ಮ ಜಾಗಕ್ಕೆ ಬರಲಾರವು.

2ರಿಂದ 5: ಏನು ತೋರಿಸುವುದು, ಹೇಗೆ ನಿಲ್ಲಿಸುವುದು

ವಿಡಿಯೊ ಆರಿಸುವಾಗ ಶಬ್ದ ಬಂದ್ ಮಾಡಿ ಒಂದು ನಿಮಿಷ ನೋಡಿ. ಎರಡು-ಮೂರು ಸೆಕೆಂಡಿಗೊಮ್ಮೆ ದೃಶ್ಯ ಜಿಗಿಯುತ್ತಿದ್ದರೆ ಬಿಟ್ಟುಬಿಡಿ. ಒಂದು ಶುರು, ಒಂದು ಕೊನೆ ಇರುವ ನಿಧಾನದ ಕಥೆ, ಪಾತ್ರ ಪ್ರಶ್ನೆ ಕೇಳಿ ಕಾಯುವ ಕಾರ್ಯಕ್ರಮ ಒಳ್ಳೆಯದು. ಆ್ಯಪ್ ಆದರೆ ಮೂರು ಪ್ರಶ್ನೆ ಕೇಳಿಕೊಳ್ಳಿ: ತಪ್ಪು ಒತ್ತಿದರೂ ಚಪ್ಪಾಳೆ ಹೊಡೆಯುತ್ತದೆಯೆ? ನಕ್ಷತ್ರ, ನಾಣ್ಯ, ‘ನಾಳೆ ಮತ್ತೆ ಬಾ’ ಎಂಬ ಆಮಿಷ ಇದೆಯೆ? ನಡುವೆ ಜಾಹೀರಾತು ಬರುತ್ತದೆಯೆ? ಒಂದಕ್ಕೆ ಹೌದು ಎಂದರೂ ತೆಗೆದುಹಾಕಿ. ಜಿಕಾಂಪ್ರಿ ಎಂಬ ಉಚಿತ ತಂತ್ರಾಂಶ 2ರಿಂದ 10 ವರ್ಷದ ಮಕ್ಕಳಿಗೆಂದೇ ಇದೆ, ಅದರಲ್ಲಿ ಜಾಹೀರಾತು ಇಲ್ಲ.

ನೋಡುವಾಗ ಪಕ್ಕದಲ್ಲಿ ಕೂತು ಎರಡೇ ಕೆಲಸ ಮಾಡಿ. ನಡುನಡುವೆ ಹೆಸರಿಡಿ (‘ಅದು ಎತ್ತಿನ ಗಾಡಿ, ಮೊನ್ನೆ ಸಂತೆಯಲ್ಲಿ ನೋಡಿದ್ವಲ್ಲ’). ಮುಗಿದ ಮೇಲೆ ಕಥೆಯನ್ನು ಮನೆಗೆ ತನ್ನಿ: ಆನೆಯ ಕಥೆಯಾಗಿದ್ದರೆ ಟವೆಲ್ಲೇ ಸೊಂಡಿಲು. ಸ್ಕ್ರೀನ್‌ನಲ್ಲಿ ಕಂಡದ್ದಕ್ಕೂ ಕಣ್ಣೆದುರಿನ ಲೋಕಕ್ಕೂ ನಂಟು ಕಟ್ಟುವುದು ಚಿಕ್ಕ ಮಕ್ಕಳಿಗೆ ತಾನಾಗಿ ಬರುವುದಿಲ್ಲ, ದೊಡ್ಡವರು ಕಟ್ಟಿಕೊಡಬೇಕು.

ನಿಲ್ಲಿಸುವುದೇ ಎಲ್ಲರಿಗೂ ಕಷ್ಟ. ಮೂರು ವರ್ಷದ ಮಗುವಿಗೆ ‘ಇನ್ನು ಹತ್ತು ನಿಮಿಷ’ ಎಂದರೆ ಅರ್ಥವಾಗುವುದಿಲ್ಲ. ‘ಎರಡು ಕಥೆ’ ಎಂದರೆ ಆಗುತ್ತದೆ. ಶುರುವಿನಲ್ಲೇ ಎರಡು ಹುಣಸೆ ಬೀಜ ಮುಂದಿಡಿ, ಒಂದು ಕಥೆ ಮುಗಿದಾಗ ಒಂದನ್ನು ಮಗುವೇ ಡಬ್ಬಿಗೆ ಹಾಕಲಿ (ಇನ್ನೂ ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ದೊಡ್ಡ ಮರದ ತುಂಡು ಇಡಿ). ಕಥೆಯ ನಡುವೆ ಕಿತ್ತುಕೊಳ್ಳಬೇಡಿ. ಕೊನೆಯ ಬಟನ್ ಮಗುವೇ ಒತ್ತಲಿ. ಮುಂದಿನ ಕೆಲಸ ಆಗಲೇ ಸಿದ್ಧವಿರಲಿ: ಚಪಾತಿ ಹಿಟ್ಟಿನ ಉಂಡೆ, ಗಿಡಕ್ಕೆ ನೀರು ಹಾಕುವ ಚೊಂಬು. ‘ಆಫ್ ಮಾಡು’ ಎಂದು ಹೇಳಿ ಮಗುವನ್ನು ಖಾಲಿ ಕೋಣೆಯಲ್ಲಿ ಬಿಟ್ಟರೆ ಅಳದೆ ಏನು ಮಾಡೀತು?

ನೋಡುವುದರಿಂದ ಮಾಡುವುದಕ್ಕೆ

ನಾಲ್ಕು ವರ್ಷ ದಾಟಿದ ಮೇಲೆ ಫೋನಿನಲ್ಲಿ ನಿಜವಾಗಿ ಬೆಲೆಬಾಳುವ ಎರಡು ವಸ್ತುಗಳು ಕ್ಯಾಮೆರಾ ಮತ್ತು ಧ್ವನಿ ಮುದ್ರಿಸುವ ಆ್ಯಪ್. ‘ಮನೆಯಲ್ಲಿ ದುಂಡಗಿರುವ ಐದು ವಸ್ತು ಹುಡುಕಿ ಫೋಟೊ ತೆಗೆ’ ಎಂದು ಕಳಿಸಿ. ಜರಡಿ, ಗಡಿಯಾರ, ಬಳೆ, ರೊಟ್ಟಿ ಹಂಚು ತರುತ್ತಾರೆ. ಆಮೇಲೆ ಒಟ್ಟಿಗೆ ನೋಡಿ, ಹೆಸರು ಹೇಳಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅಜ್ಜನ ಕಥೆಯನ್ನು ಮಗುವೇ ರೆಕಾರ್ಡ್ ಮಾಡಲಿ, ರಾತ್ರಿ ದೀಪ ಆರಿಸಿ ಕೇಳಲಿ.

ಏಳೆಂಟು ವರ್ಷಕ್ಕೆ ಮಣ್ಣಿನ ಗೊಂಬೆಗೆ ಜೀವ ಕೊಡಬಹುದು. ಫೋನನ್ನು ಪುಸ್ತಕಗಳ ನಡುವೆ ಅಲ್ಲಾಡದಂತೆ ನಿಲ್ಲಿಸಿ. ಗೊಂಬೆಯನ್ನು ಒಂದು ಬೆರಳಿನ ಅಗಲದ ಅರ್ಧದಷ್ಟು ಸರಿಸಿ, ಒಂದು ಫೋಟೊ, ಮತ್ತೆ ಸರಿಸಿ, ಮತ್ತೊಂದು. ಸೆಕೆಂಡಿಗೆ 5 ಫೋಟೊದಂತೆ 10 ಸೆಕೆಂಡಿಗೆ 50 ಬೇಕು. ಕೆಡುವುದು ಎರಡು ಕಡೆ: ಫೋನ್ ಕದಲುತ್ತದೆ, ಅಥವಾ ಕಿಟಕಿಯ ಬಿಸಿಲು ಬದಲಾಗಿ ಚಿತ್ರ ಮಿನುಗುತ್ತದೆ. ಪರದೆ ಎಳೆದು ಒಂದು ಬಲ್ಬಿನ ಬೆಳಕಲ್ಲಿ ಮಾಡಿ.

ಕೋಡಿಂಗ್ ಕ್ಲಾಸಿಗೆ ಆರನೇ ವರ್ಷಕ್ಕೇ ಸಾವಿರಾರು ರೂಪಾಯಿ ಕಟ್ಟುವ ಅಗತ್ಯ ಕಾಣುವುದಿಲ್ಲ. ಅದರ ಒಳಗಿರುವ ಯೋಚನೆಯ ಕ್ರಮ ಅಂಗಳದಲ್ಲೇ ಸಿಗುತ್ತದೆ. ಸೀಮೆಸುಣ್ಣದಲ್ಲಿ 5 ಸಾಲು, ಸಾಲಿಗೆ 5 ಚುಕ್ಕಿ ಇಡಿ, ಚುಕ್ಕಿಯಿಂದ ಚುಕ್ಕಿಗೆ ಒಂದಡಿ ಅಂತರ. ಒಂದು ಮೂಲೆಯಲ್ಲಿ ನೀವು ನಿಲ್ಲಿ, ಎಲ್ಲೋ ಒಂದು ಚುಕ್ಕಿಯ ಮೇಲೆ ಬೆಲ್ಲದ ಅಚ್ಚು ಇಡಿ. ಮಗು ಮೊದಲೇ ಕಾಗದದ ಮೇಲೆ ಆಜ್ಞೆ ಬರೆಯಬೇಕು: ‘ಮುಂದೆ 2, ಬಲಕ್ಕೆ ತಿರುಗು, ಮುಂದೆ 3’. ನೀವು ಯಂತ್ರದಂತೆ ಬರೆದಷ್ಟನ್ನೇ ಮಾಡಿ. ಮಕ್ಕಳು ಸಾಮಾನ್ಯವಾಗಿ ‘ತಿರುಗು’ ಬರೆಯುವುದನ್ನು ಮರೆಯುತ್ತಾರೆ, ಇಲ್ಲವೇ ನಿಂತಿರುವ ಚುಕ್ಕಿಯನ್ನೂ ಎಣಿಸುತ್ತಾರೆ. ನೀವು ತಿದ್ದಬೇಡಿ, ತಪ್ಪು ಚುಕ್ಕಿಯ ಮೇಲೇ ನಿಲ್ಲಿ. ಎಲ್ಲಿ ತಪ್ಪಿತೆಂದು ಕಾಗದ ಹಿಡಿದು ಅದೇ ಹುಡುಕಲಿ. ಇದು ಹಿಡಿದ ಮೇಲೆ ಸ್ಕ್ರ್ಯಾಚ್ ಜೂನಿಯರ್ ಕೊಡಿ: 5ರಿಂದ 7 ವರ್ಷದವರಿಗಾಗಿ ಮಾಡಿದ ಉಚಿತ ಆ್ಯಪ್, ಚಿತ್ರದ ತುಂಡುಗಳನ್ನು ಜೋಡಿಸಿದರೆ ಸಾಕು, ಓದಲು ಬರಬೇಕಿಲ್ಲ.

ಶಾಲೆ ಶುರುವಾದ ಮೇಲೆ

ಕೊರೊನಾ ಕಾಲದಲ್ಲಿ, 2020ರ ಜೂನ್‌ನಲ್ಲಿ, ರಾಜ್ಯ ಸರ್ಕಾರ 5ನೇ ತರಗತಿವರೆಗಿನ ಆನ್‌ಲೈನ್ ಪಾಠ ನಿಲ್ಲಿಸಿದಾಗ, ಮರುತಿಂಗಳೇ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಾಗ, ಚರ್ಚೆ ‘ಬೇಕೆ, ಬೇಡವೆ’ ಎಂಬಲ್ಲೇ ಸುತ್ತಿತು. ಕೇಳಬೇಕಾದ ಪ್ರಶ್ನೆ ಬೇರೆ ಎಂಬುದನ್ನು ಎರಡು ದೂರದ ಉದಾಹರಣೆ ತೋರಿಸುತ್ತವೆ. ಪೆರು ದೇಶದ ಹಳ್ಳಿಗಳಲ್ಲಿ ಸರ್ಕಾರ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. 319 ಶಾಲೆಗಳನ್ನು ಹೋಲಿಸಿ ನೋಡಿದಾಗ 15 ತಿಂಗಳ ನಂತರವೂ ಗಣಿತ, ಭಾಷೆಯ ಅಂಕದಲ್ಲಿ ಏರಿಕೆ ಕಾಣಲಿಲ್ಲ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಶಾಲೆ ಬಿಟ್ಟ ಮೇಲೆ ನಡೆಯುವ ಕೇಂದ್ರಗಳಲ್ಲಿ ಬಳಸಿದಾಗ ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಸ್ಪಷ್ಟ ಸುಧಾರಣೆ ಕಂಡಿತು. ಅದು ತರಗತಿಯ ಪಾಠ ಓಡಿಸಲಿಲ್ಲ, ಮಗು ನಿಜವಾಗಿ ಎಲ್ಲಿ ನಿಂತಿದೆಯೋ ಅಲ್ಲಿಂದ ಲೆಕ್ಕ ಕೊಟ್ಟಿತು. ಜೊತೆಗೆ ಒಬ್ಬ ಬೋಧಕರೂ ಇದ್ದರು.

ಮನೆಯಲ್ಲೂ ಅದನ್ನೇ ಮಾಡಿ. 5ನೇ ತರಗತಿಯ ಮಗುವಿಗೆ 52ರಲ್ಲಿ 27 ಕಳೆಯಲು ಬಾರದಿದ್ದರೆ ಭಿನ್ನರಾಶಿಯ ವಿಡಿಯೊ ತೋರಿಸಿ ಫಲವಿಲ್ಲ, ಕೆಳಗಿನ ತರಗತಿಯ ಲೆಕ್ಕದಿಂದ ಶುರುಮಾಡಿ. ನಮ್ಮ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಕ್ರಮ ಮುಖ್ಯ: ಮೊದಲು ಮಗು ತಾನೇ ಲೆಕ್ಕ ಮಾಡಿ ಸಿಕ್ಕಿಬೀಳಲಿ, ಆಮೇಲೆ ವಿಡಿಯೊ, ಅದು ಮುಗಿದ ಕೂಡಲೇ ಫೋನ್ ಮಗುಚಿಟ್ಟು ಅದೇ ಬಗೆಯ ಎರಡು ಲೆಕ್ಕ ಕಾಗದದ ಮೇಲೆ. ಬರೀ ನೋಡಿದರೆ ‘ಗೊತ್ತಾಯ್ತು’ ಎನಿಸುತ್ತದೆ, ಮರುದಿನ ಮಾಡಲು ಬರುವುದಿಲ್ಲ.

ಓದುವುದಕ್ಕೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿವೆ, ಓದಿನ ನಾಲ್ಕು ಹಂತಗಳಾಗಿ ಬೇರ್ಪಟ್ಟಿವೆ. ಹಂತ ಆರಿಸಲು ಒಂದು ಪುಟ ಗಟ್ಟಿಯಾಗಿ ಓದಿಸಿ. ಐದಕ್ಕಿಂತ ಹೆಚ್ಚು ಪದಕ್ಕೆ ತಡವರಿಸಿದರೆ ಒಂದು ಹಂತ ಕೆಳಗಿಳಿಯಿರಿ. ಹೊರದೇಶದಲ್ಲಿ ಬೆಳೆಯುವ, ಕನ್ನಡ ಮಾತು ಬಂದರೂ ಅಕ್ಷರ ಬಾರದ ಮಕ್ಕಳಿಗೆ ಒಂದನೇ ಹಂತದ ನಾಲ್ಕೈದು ಕಥೆ ಪ್ರಿಂಟ್ ತೆಗೆದು ಹೊಲಿದು ಕೊಡಿ. ಕೈಯಲ್ಲಿ ಪುಸ್ತಕವಿದ್ದರೆ ಮತ್ತೆ ಮತ್ತೆ ತೆರೆಯುತ್ತಾರೆ.

ಕಣ್ಣು, ಕಿವಿ, ನಿದ್ದೆಗೆ ಕೆಲವೇ ನಿಯಮ. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚು ಬಯಲಿಗೆ ಬಿಟ್ಟಾಗ ಮೂರು ವರ್ಷಗಳಲ್ಲಿ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವುದು) ಬಂದವರು 30.4%, ಹಾಗೆ ಬಿಡದ ಶಾಲೆಗಳಲ್ಲಿ 39.5%. ಆದ್ದರಿಂದ ಸ್ಕ್ರೀನ್ ಕಡಿಮೆ ಮಾಡುವಷ್ಟೇ ಮುಖ್ಯ ಹಗಲು ಬೆಳಕಿನಲ್ಲಿ ಆಡಿಸುವುದು. ಇಪ್ಪತ್ತು ನಿಮಿಷಕ್ಕೊಮ್ಮೆ 20 ಅಡಿ ಆಚೆ 20 ಸೆಕೆಂಡ್ ನೋಡಲಿ. ಇಯರ್‌ಫೋನ್ ಹಾಕಿದಾಗ ಪಕ್ಕದವರು ಕರೆದದ್ದು ಕೇಳಿಸದಿದ್ದರೆ ಶಬ್ದ ಜಾಸ್ತಿ. ಮಲಗುವ ಒಂದು ಗಂಟೆ ಮೊದಲು ಎಲ್ಲ ಬಂದ್, ರಾತ್ರಿ ಫೋನ್ ಚಾರ್ಜಿಗೆ ಹಾಕುವುದು ನಡುಮನೆಯಲ್ಲಿ.

ವೈದ್ಯರಿಗೆ ಯಾವಾಗ ತೋರಿಸಬೇಕು

ಒಂದು ವರ್ಷಕ್ಕೆ ತೊದಲು, ಕೈಸನ್ನೆ ಇಲ್ಲ, 16 ತಿಂಗಳಿಗೆ ಒಂದೂ ಪದವಿಲ್ಲ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಪದ ಜೋಡಿಸುವುದಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ ಎಂದರೆ ‘ಫೋನ್ ಬಿಡಿಸಿ ನೋಡೋಣ’ ಎಂದು ತಿಂಗಳುಗಟ್ಟಲೆ ಕಾಯಬೇಡಿ. ಫೋನ್ ಬಿಡಿಸಿ, ಆ ವಾರವೇ ಮಕ್ಕಳ ವೈದ್ಯರಿಗೂ ತೋರಿಸಿ. ಶ್ರವಣ ಪರೀಕ್ಷೆ ಮೊದಲು ಆಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ದೊಡ್ಡ ಮಕ್ಕಳು ನಿದ್ದೆ, ಶಾಲೆ, ಗೆಳೆಯರನ್ನು ಬಿಟ್ಟು ಆಟದಲ್ಲೇ ಮುಳುಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್-ಇಂಟರ್ನೆಟ್ ಗೀಳಿಗೆ ನೆರವಾಗುವ ಶಟ್ ಕ್ಲಿನಿಕ್ ನಡೆಯುತ್ತಿದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹೋಗುವ ಮೊದಲು ಏಳು ದಿನದ ಲೆಕ್ಕ ಬರೆದಿಡಿ: ಎಷ್ಟು ಹೊತ್ತಿಗೆ ಫೋನ್ ಕೊಟ್ಟಿರಿ, ಯಾಕೆ ಕೊಟ್ಟಿರಿ, ಎಷ್ಟು ಹೊತ್ತು, ತೆಗೆದಾಗ ಏನಾಯಿತು, ರಾತ್ರಿ ಎಷ್ಟಕ್ಕೆ ಮಲಗಿತು. ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಕಾಣುವ ಬಳಕೆಯ ಸಮಯವನ್ನೂ ಪಕ್ಕದಲ್ಲಿ ಬರೆಯಿರಿ. ಅಂದಾಜಿನಲ್ಲಿ ಹೇಳುವುದಕ್ಕಿಂತ ಆ ಒಂದು ಹಾಳೆಯಿಂದ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ.